ವಿದ್ವತ್ ಮುಗಿದ ಮೇಲೆ ಸಂಗೀತದಲ್ಲಿ ಎಂ.ಎ.: ಕಛೇರಿಗೋ, ಪಾಠಕ್ಕೋ?

ಪ್ರಶ್ನೆ (ಶಿವಮೊಗ್ಗದ ವಿದ್ಯಾರ್ಥಿನಿ)

ಎಲ್ಲರಿಗೂ ನಮಸ್ಕಾರ. ಹನ್ನೆರಡು ವರ್ಷ ಒಬ್ಬರೇ ಗುರುಗಳಲ್ಲಿ ಕರ್ನಾಟಕ ಸಂಗೀತದ ಹಾಡುಗಾರಿಕೆ ಕಲಿತು, ಬಿ.ಕಾಂ. ಓದುತ್ತಲೇ ಸಂಗೀತದ ಉನ್ನತ ಹಂತದ ವಿದ್ವತ್ ಪರೀಕ್ಷೆಯನ್ನೂ ಮುಗಿಸಿದ್ದೇನೆ. ಸಂಜೆ ಆರು ಮಕ್ಕಳಿಗೆ ಸರಳೆ, ಜಂಟಿ ವರಸೆಗಳೆಂಬ ಆರಂಭದ ಸ್ವರಪಾಠಗಳನ್ನು ಹೇಳಿಕೊಡುತ್ತೇನೆ. ಮೈಸೂರಿನಲ್ಲಿ ಸಂಗೀತದ ಎಂ.ಎ. ಸೇರಬೇಕೆಂಬ ಆಸೆಯಿದೆ. ಗುರುಗಳು ಹೋಗಬೇಡವೆನ್ನಲಿಲ್ಲ, ಆದರೆ ಪಲ್ಲವಿಯ (ಒಂದೇ ಸಾಲನ್ನು ತಾಳದ ಲೆಕ್ಕದಲ್ಲಿ ವಿಸ್ತರಿಸಿ ಹಾಡುವ ಬಗೆಯ) ಪಾಠ ಈಗಷ್ಟೇ ಶುರುವಾಗಿದೆಯೆಂದು ನೆನಪಿಸಿದರು. ಒಳ್ಳೆಯ ಗಾಯಕಿಯೂ ಒಳ್ಳೆಯ ಶಿಕ್ಷಕಿಯೂ ಆಗಬೇಕೆನ್ನುವವಳಿಗೆ ಈ ಎರಡು ವರ್ಷಗಳು ನಿಜವಾಗಿ ಏನು ಕೊಡುತ್ತವೆ?

ಉತ್ತರ 1 (ನಿವೃತ್ತ ಸಂಗೀತ ಉಪನ್ಯಾಸಕರು, ಮೈಸೂರು)

ಮೊದಲು ಉದ್ಯೋಗದ ಮಾತನ್ನು ಮುಗಿಸಿಬಿಡುತ್ತೇನೆ. ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಸಾಮಾನ್ಯವಾಗಿ ಶೇ. 55 ಅಂಕಗಳ ಸ್ನಾತಕೋತ್ತರ ಪದವಿಯೂ ನೆಟ್ (ರಾಷ್ಟ್ರಮಟ್ಟದ) ಅಥವಾ ಕೆ-ಸೆಟ್ (ರಾಜ್ಯಮಟ್ಟದ) ಅರ್ಹತಾ ಪರೀಕ್ಷೆಯ ತೇರ್ಗಡೆಯೂ ಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ಸಂಗೀತಕ್ಕೆ ಇನ್ನೊಂದು ದಾರಿಯೂ ಇದೆ: ಹೆಸರಾಂತ ಗುರುಗಳಲ್ಲಿ ಕಲಿತು, ಆಕಾಶವಾಣಿ ಅಥವಾ ದೂರದರ್ಶನದ 'ಎ' ಶ್ರೇಣಿ ಪಡೆದು, ಶಾಸ್ತ್ರವನ್ನು ಸೋದಾಹರಣವಾಗಿ ಬೋಧಿಸಬಲ್ಲ ಕಲಾವಿದರನ್ನೂ ಪರಿಗಣಿಸಬಹುದು. 'ಎ' ಶ್ರೇಣಿ ಬರುವುದಕ್ಕೆ ಬಹಳ ವರ್ಷ ಹಿಡಿಯುವುದರಿಂದ ನಿಮ್ಮ ವಯಸ್ಸಿನವರಿಗೆ ಎಂ.ಎ. ಹಾದಿಯೇ ಹತ್ತಿರದ್ದು.

ಆದರೆ ನೌಕರಿಗಾಗಿ ಮಾತ್ರ ಸೇರಿದರೆ ನಷ್ಟ ನಿಮಗೇ. ನೀವು ಇಷ್ಟು ವರ್ಷ ಭೈರವಿ ರಾಗವನ್ನು ಹಾಡಿದ್ದೀರಿ. ಸ್ವರಗಳು ಏರುವ ಆರೋಹಣದಲ್ಲಿ ಚತುಶ್ರುತಿ ಧೈವತವೂ ಇಳಿಯುವ ಅವರೋಹಣದಲ್ಲಿ ಅದಕ್ಕಿಂತ ತಗ್ಗಿನ ಶುದ್ಧ ಧೈವತವೂ ಬರುವುದನ್ನು ಕಿವಿಯಿಂದಲೇ ಕಲಿತಿದ್ದೀರಿ. ಅದು ಭಾಷಾಂಗ ರಾಗ (ತನ್ನ ಮೂಲ ಮೇಳದಲ್ಲಿಲ್ಲದ ಸ್ವರವನ್ನೂ ಬಳಸುವ ರಾಗ) ಎನಿಸುವುದೇಕೆ, ಮೇಳಗಳ (ರಾಗಗಳನ್ನು ವಿಂಗಡಿಸುವ ಏಳು ಸ್ವರಗಳ ಮೂಲಕ್ರಮಗಳ) ಲೆಕ್ಕಾಚಾರ ಬರುವ ಮೊದಲು ರಾಗಗಳನ್ನು ಹೇಗೆ ಗುರುತಿಸುತ್ತಿದ್ದರು ಎಂದು ಕೇಳಿಕೊಳ್ಳುವ ಬಿಡುವು ಈ ಎರಡು ವರ್ಷಗಳಲ್ಲಿ ಸಿಗುತ್ತದೆ. ವಿಜಯನಗರದ ಕಾಲದ ರಾಮಾಮಾತ್ಯನ 'ಸ್ವರಮೇಳಕಲಾನಿಧಿ' (1550) ಮತ್ತು ಮುಂದಿನ ಶತಮಾನದ ವೆಂಕಟಮಖಿಯ 'ಚತುರ್ದಂಡೀ ಪ್ರಕಾಶಿಕಾ' ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದವರಿಗೆ 72 ಮೇಳಗಳು ಬಾಯಿಪಾಠದ ಪಟ್ಟಿಯಾಗಿ ಉಳಿಯುವುದಿಲ್ಲ. ವೆಂಕಟಮಖಿ ಹೇಳುವ ಆಲಾಪ, ಠಾಯ, ಗೀತ, ಪ್ರಬಂಧಗಳೆಂಬ ನಾಲ್ಕು ಸಂಗೀತ ಪ್ರಕಾರಗಳಲ್ಲಿ ಆಲಾಪ ಇಂದಿಗೂ ಕಛೇರಿಯ ಜೀವವಾಗಿದೆ, ಒಂದೊಂದು ಸ್ವರದ ಸುತ್ತ ರಾಗವನ್ನು ಬೆಳೆಸುವ ಠಾಯವನ್ನು ಕೇಳಿದವರು ವಿರಳ. ಇಂಥ ವಿಷಯ ಮನಸ್ಸಿಗೆ ಹತ್ತಿದ ಗಾಯಕಿಯ ರಾಗಾಲಾಪನೆ ಬೇರೆಯೇ ಆಗುವುದನ್ನು ನನ್ನ ವಿದ್ಯಾರ್ಥಿಗಳಲ್ಲಿ ಕಂಡಿದ್ದೇನೆ.

ಉತ್ತರ 2 (ಹಿಂದೂಸ್ತಾನಿ ಗಾಯಕರು, ಧಾರವಾಡ)

ಶಾಸ್ತ್ರದ ವಿಷಯದಲ್ಲಿ ಮೇಲಿನ ಹಿರಿಯರ ಮಾತನ್ನು ಒಪ್ಪುತ್ತೇನೆ. ಹಾಡುವುದನ್ನು ತರಗತಿ ಕಲಿಸುತ್ತದೆಯೆಂಬ ಭರವಸೆ ಮಾತ್ರ ನನಗಿಲ್ಲ. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಯಾರ ಹೆಸರಿದೆಯೋ ಆ ಗಂಗೂಬಾಯಿ ಹಾನಗಲ್ಲರು ತಮ್ಮ ಗುರು ಸವಾಯಿ ಗಂಧರ್ವರ ತಾಲೀಮಿಗಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಅವರಿಗೆ ಹೆಚ್ಚಿನ ಶಾಲಾ ಶಿಕ್ಷಣವಿರಲಿಲ್ಲ. ಆದರೂ ನಮ್ಮ ಕರ್ನಾಟಕ ವಿಶ್ವವಿದ್ಯಾಲಯ ಅವರನ್ನು ಗೌರವ ಪ್ರಾಧ್ಯಾಪಕರನ್ನಾಗಿ ಮಾಡಿಕೊಂಡಿತು.

ಸೇರುವ ಮೊದಲು ವಿಭಾಗಕ್ಕೆ ಹೋಗಿ ಒಂದು ದಿನ ತರಗತಿಯಲ್ಲಿ ಕುಳಿತು ನೋಡಿ. ಹಾಡಲು ಹಿಡಿಯುವ ಆಧಾರ ಸ್ವರದಲ್ಲಿ, ಅಂದರೆ ಶ್ರುತಿಯಲ್ಲಿ, ಗಂಡಸರಿಗೂ ಹೆಂಗಸರಿಗೂ ನಾಲ್ಕೈದು ಸ್ವರಗಳ ಅಂತರವಿರುತ್ತದೆ. ಎಲ್ಲರನ್ನೂ ಒಂದೇ ತಂಬೂರಿಯ ಮುಂದೆ ಕೂರಿಸಿದರೆ ಒಬ್ಬರು ಮಂದ್ರದಲ್ಲಿ ಗೊಣಗುತ್ತಾರೆ, ಇನ್ನೊಬ್ಬರು ತಾರದಲ್ಲಿ ಗಂಟಲು ಹರಿದುಕೊಳ್ಳುತ್ತಾರೆ. ನಾನು ಓದಿದ ಕಡೆ ಹೀಗೆಯೇ ಆಯಿತು. ಕೆಟ್ಟ ದನಿಯನ್ನು ಸರಿಪಡಿಸಿಕೊಳ್ಳಲು ಗುರುಗಳ ಮುಂದೆ ಒಂದು ವರ್ಷ ಷಡ್ಜ (ಮೊದಲ ಸ್ವರವಾದ 'ಸ') ಹಿಡಿದು ಕೂರಬೇಕಾಯಿತು. ಪ್ರತಿಯೊಬ್ಬರಿಗೂ ವಾರಕ್ಕೆ ಎಷ್ಟು ಹೊತ್ತು ಪ್ರತ್ಯೇಕ ಪಾಠ ಸಿಗುತ್ತದೆ, ಅಂತಿಮ ಪರೀಕ್ಷೆಯಲ್ಲಿ ಪಕ್ಕವಾದ್ಯದೊಂದಿಗೆ ಪೂರ್ಣ ಕಛೇರಿ ಮಾಡಿಸುತ್ತಾರೆಯೇ ಎಂಬ ಎರಡು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ.

ಉತ್ತರ 3 (ಮಕ್ಕಳ ಸಂಗೀತ ಶಿಕ್ಷಕಿ, ಹಾಸನ)

ಪ್ರಶ್ನೆ ಕೇಳಿದ ತಂಗಿ ಬೋಧನೆಯ ಬಗ್ಗೆಯೂ ಕೇಳಿದ್ದಾರೆ, ಆದ್ದರಿಂದ ಬರೆಯುತ್ತಿದ್ದೇನೆ. ನಾನು ಎಂ.ಎ. ಮಾಡಿದಾಗ ಬೋಧನೆಯ ಬಗ್ಗೆ ಉಪನ್ಯಾಸಗಳಿದ್ದವು, ಆದರೆ ಎದುರಿಗೆ ಒಂದು ಮಗುವನ್ನು ಕೂರಿಸಿ ಪಾಠ ಮಾಡಿಸಿದವರಿರಲಿಲ್ಲ. ಶ್ರುತಿ ತಪ್ಪುವ ಮಗುವಿಗೆ ನನ್ನ ಶ್ರುತಿಯನ್ನು ಹೇರುವುದು ತಪ್ಪೆಂದು ತಿಳಿಯಲು ನನಗೆ ಮೂರು ವರ್ಷ ಬೇಕಾಯಿತು. ಮೊದಲು ಆ ಮಗು ಮಾತಾಡುವ, ಗುನುಗುವ ಎತ್ತರವನ್ನು ಕೇಳಿಸಿಕೊಂಡು, ಷಡ್ಜವನ್ನು ಅಲ್ಲಿಗೆ ತಂದು, ಅದು ನಿಂತ ಮೇಲೆ ಮೆಲ್ಲಗೆ ಏರಿಸಬೇಕು. ದನಿ ಒಡೆಯುವ ವಯಸ್ಸಿನ ಹುಡುಗರನ್ನು ಪಾಠ ಬಿಡಿಸಿ ಮನೆಗೆ ಕಳಿಸಬಾರದು. ಶ್ರುತಿ ಇಳಿಸಿ, ತಾರಸ್ಥಾಯಿ ಬಿಟ್ಟು, ತಾಳ ಮತ್ತು ಸ್ವರಜ್ಞಾನದ ಕಡೆಗೆ ಪಾಠವನ್ನು ತಿರುಗಿಸಬೇಕು.

ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ನಂಬುವ ಮಾಯಾಮಾಳವಗೌಳ ರಾಗದ ಪಾಠಕ್ರಮವನ್ನೇ ನೋಡಿ. ಸ-ರಿ-ಗ-ಮ ಹೇಗಿದೆಯೋ ಪ-ದ-ನಿ-ಸ ಹಾಗೆಯೇ ಇದೆ; ಕೆಳಗಿನ ಅರ್ಧ ಗಟ್ಟಿಯಾದ ಮಗು ಮೇಲಿನ ಅರ್ಧವನ್ನು ತಾನೇ ಹಿಡಿಯುತ್ತದೆ. ಇದನ್ನು ಅರಿತು ಕಲಿಸುವ ಶಿಕ್ಷಕಿಗೂ ತಾನು ಕಲಿತದ್ದನ್ನು ಒಪ್ಪಿಸುವ ಶಿಕ್ಷಕಿಗೂ ಅಜಗಜಾಂತರವಿದೆ. ನಿಮ್ಮ ಆರು ಮಕ್ಕಳನ್ನು ಬಿಡಬೇಡಿ. ಗುರುಗಳು ಹೊಸಬರಿಗೆ ಹೇಳಿಕೊಡುವಾಗ ಹಿಂದೆ ಕುಳಿತು, ಅವರು ಯಾವ ತಪ್ಪನ್ನು ಒಡನೆ ತಿದ್ದುತ್ತಾರೆ, ಯಾವುದನ್ನು ನಾಳೆಗೆ ಬಿಡುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ವಂದನೆಗಳು. ತಾಳಗುಪ್ಪ–ಮೈಸೂರು ರೈಲು ಶಿವಮೊಗ್ಗದ ಮೇಲೆಯೇ ಹೋಗುವುದರಿಂದ ವಾರದ ಕೊನೆಗೆ ಊರಿಗೆ ಬಂದು ಪಲ್ಲವಿಯ ಪಾಠವನ್ನೂ ಮಕ್ಕಳ ಪಾಠವನ್ನೂ ಮುಂದುವರಿಸಬಹುದೇ ಎಂದು ಇಂದು ಬೆಳಿಗ್ಗೆ ಗುರುಗಳನ್ನು ಕೇಳಿದೆ. ಅವರು ಒಪ್ಪಿದ್ದಾರೆ. ಅರ್ಜಿ ಹಾಕುವ ಮೊದಲು ಮೈಸೂರಿಗೆ ಹೋಗಿ, ಧಾರವಾಡದ ಹಿರಿಯರು ಹೇಳಿದಂತೆ ಒಂದು ದಿನ ತರಗತಿಯಲ್ಲಿ ಕುಳಿತು ಬರುತ್ತೇನೆ.