‘ಸೋಮಾರಿ ಕಣ್ಣು’ ಬದಲು ಬೇರೆ ಪದ ಬೇಕು

ಗೆಳೆಯರೇ, ನಮಸ್ಕಾರ.

ಅಂಗನವಾಡಿ ಕಾರ್ಯಕರ್ತೆಯರಿಗಾಗಿ ಮಕ್ಕಳ ಕಣ್ಣಿನ ತೊಂದರೆಗಳ ಬಗ್ಗೆ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಹುಟ್ಟಿನಿಂದಲೇ ಬರುವ ಪೊರೆಗೆ ‘ಹುಟ್ಟುಪೊರೆ’ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ತೊಡಕಾಗಿರುವುದು ಆಂಬ್ಲಿಯೋಪಿಯಾ, ಅಂದರೆ ಚಿಕ್ಕಂದಿನಲ್ಲಿ ಕಣ್ಣಿನ ನೋಟ ಸರಿಯಾಗಿ ಬೆಳೆಯದೆ ಉಳಿಯುವ ತೊಂದರೆ.

ಇದಕ್ಕೆ ‘ಸೋಮಾರಿ ಕಣ್ಣು’ ಅಂತ ಬರೆಯುವವರೇ ಜಾಸ್ತಿ. ನನಗೆ ಆ ಪದ ಒಪ್ಪಿಗೆಯಿಲ್ಲ. ಮಗುವಿನ ಒಂದು ಕಣ್ಣಲ್ಲಿ ಪೊರೆ ಇದ್ದರೆ, ರೆಪ್ಪೆ ಜೋತುಬಿದ್ದು ಪಾಪೆ ಮುಚ್ಚಿದ್ದರೆ, ಮೆಳ್ಳೆಗಣ್ಣಿದ್ದರೆ, ಅಥವಾ ಎರಡು ಕಣ್ಣುಗಳ ಪವರ್ ತುಂಬಾ ಬೇರೆಬೇರೆ ಇದ್ದರೆ, ಮಿದುಳು ಆ ಕಣ್ಣನ್ನು ಬದಿಗಿಟ್ಟು ಇನ್ನೊಂದನ್ನೇ ನೆಚ್ಚಿಕೊಳ್ಳುತ್ತದೆ. ಹೀಗೆ ಬದಿಗೆ ಬಿದ್ದ ಕಣ್ಣು ನೋಡುವುದನ್ನೇ ಕಲಿಯುವುದಿಲ್ಲ. 1981ರ ನೊಬೆಲ್ ಪಡೆದ ವಿಜ್ಞಾನಿಗಳಾದ ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆ ಹೊಲಿದು ಇದನ್ನು ತೋರಿಸಿದ್ದರು. ಕೆಲವು ತಿಂಗಳ ನಂತರ ಹೊಲಿಗೆ ಬಿಚ್ಚಿದರೂ ಆ ಕಣ್ಣಿಗೆ ಸರಿಯಾಗಿ ಕಾಣಲಿಲ್ಲ. ಕೊರತೆ ಇದ್ದದ್ದು ಮಿದುಳಿನಲ್ಲಿ. ಇದರಲ್ಲಿ ಸೋಮಾರಿತನ ಎಲ್ಲಿಂದ ಬಂತು?

ಚೆನ್ನಾಗಿ ಕಾಣುವ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟುವುದು ಇದಕ್ಕಿರುವ ಮುಖ್ಯ ಚಿಕಿತ್ಸೆ. ಕಾಣುವ ಕಣ್ಣನ್ನೇ ಮುಚ್ಚಿದರೆ ಮಗುವಿಗೆ ಕಷ್ಟ ಅಲ್ವಾ, ಅಳುತ್ತದೆ, ಪಟ್ಟಿ ಕಿತ್ತೆಸೆಯುತ್ತದೆ. ಒಬ್ಬ ತಾಯಿ ಬೇಸರದಲ್ಲಿ ಮಗನಿಗೆ ಹೇಳಿದ್ದನ್ನು ಕೇಳಿದ್ದೇನೆ: “ನಿನ್ ಥರಾನೇ ನಿನ್ ಕಣ್ಣೂ ಸೋಮಾರಿ ಕಣೋ!” ಆ ಹುಡುಗ ತಲೆ ತಗ್ಗಿಸಿ ಕೂತ.

‘ಮಂದದೃಷ್ಟಿ’ ಆಗಬಹುದಿತ್ತು. ಆದರೆ ಕನ್ನಡಕ ಹಾಕಿದರೂ ಸರಿಯಾಗಿ ಕಾಣದ ಎಲ್ಲರಿಗೂ ಆ ಪದ ಬಳಕೆಯಲ್ಲಿದೆ. ‘ಮಂಕುಗಣ್ಣು’ ಅಂದರೆ ಮತ್ತೆ ಬೈಗುಳ. ಸದ್ಯಕ್ಕೆ ‘ನೋಟ ಕಲಿಯದ ಕಣ್ಣು’ ಅಂತ ಬರೆದಿಟ್ಟಿದ್ದೇನೆ. ಉದ್ದವಾಯಿತು, ನಿಜ. ಆದರೆ ಇನ್ನೂ ಕಲಿಸಬಹುದು ಅನ್ನುವ ಅರ್ಥ ಅದರಲ್ಲಿದೆ. ಇದಕ್ಕಿಂತ ಚಿಕ್ಕದು, ಹಳ್ಳಿಯ ಬಾಯಲ್ಲಿ ಸಲೀಸಾಗಿ ಹೊರಳುವಂಥದ್ದು ನಿಮ್ಮ ಕಡೆ ಇದೆಯಾ?

ಇನ್ನೊಂದು ಪ್ರಶ್ನೆ. ಮೆಳ್ಳೆಗಣ್ಣು, ಮಾಲುಗಣ್ಣು ಎರಡೂ ಒಂದೇನಾ? ಕಣ್ಣು ಮೂಗಿನ ಕಡೆ ತಿರುಗಿದರೆ ಒಂದು, ಕಿವಿಯ ಕಡೆ ತಿರುಗಿದರೆ ಇನ್ನೊಂದು ಅನ್ನುವ ವ್ಯತ್ಯಾಸ ಎಲ್ಲಾದರೂ ಉಂಟೇ? ‘ಓರೆಗಣ್ಣು’ ಬಿಟ್ಟಿದ್ದೇನೆ, ಅದು ಕದ್ದು ನೋಡುವ ನೋಟಕ್ಕೇ ಸರಿ. ಮೆಳ್ಳೆಗಣ್ಣು ಅದೃಷ್ಟ ಅಂತ ಸುಮ್ನೆ ಕಾಯುವ ಮನೆಗಳು ಈಗಲೂ ಇವೆ. ಪಟ್ಟಿಯಿಂದ ಹೆಚ್ಚು ಗುಣ ಸಿಗುವುದು 7-8 ವರ್ಷದೊಳಗೆ. ಹಾಗಾಗಿ ಆ ಮನೆಯವರು ದಿನಾ ಆಡುವ ಪದವೇ ಕೈಪಿಡಿಯಲ್ಲಿ ಇರಬೇಕು. ಊರು, ತಾಲ್ಲೂಕಿನ ಹೆಸರು ಸೇರಿಸಿ ಬರೆದರೆ ಉಪಕಾರವಾಗುತ್ತದೆ.