ಬ್ಲೋಬಾರ್‌ನ ಎರಕದಲ್ಲೇ ಟೈಟಾನಿಯಂ ಕಾರ್ಬೈಡ್ ಹುಟ್ಟಿಸುವಾಗ ಆ ಜಾಗವೆಲ್ಲ ತೂತಾಗುತ್ತಿದೆ, ಏಕೆ?

ಎರಕದವ (ಪ್ರಶ್ನೆ):
ನಮಸ್ಕಾರ. ಬೆಳಗಾವಿಯ ಸಣ್ಣ ಫೌಂಡ್ರಿಯೊಂದರಲ್ಲಿ ನಾವು ಎಂ-ಸ್ಯಾಂಡ್ ಕ್ರಷರ್‌ಗಳ ಬ್ಲೋಬಾರ್‌ಗಳನ್ನು (ತಿರುಗುವ ರೋಟರ್‌ಗೆ ಕಚ್ಚಿಸಿದ, ಕಲ್ಲನ್ನು ಹೊಡೆದು ಒಡೆಯುವ ದಪ್ಪ ಪಟ್ಟಿಗಳನ್ನು) ಶೇ. 26 ಕ್ರೋಮಿಯಂ, ಶೇ. 2.8 ಕಾರ್ಬನ್ ಇರುವ ಬಿಳಿ ಎರಕದ ಕಬ್ಬಿಣದಲ್ಲಿ ಹೊಯ್ಯುತ್ತೇವೆ. ಗ್ರಾನೈಟ್ ಪುಡಿಮಾಡುವ ಕಡೆ ಇವು ಬೇಗ ಸವೆಯುವುದರಿಂದ, ಸವೆಯುವ ಅಂಚಿನಲ್ಲಿ ಟೈಟಾನಿಯಂ ಕಾರ್ಬೈಡ್ (ಟೈಟಾನಿಯಂ ಮತ್ತು ಕಾರ್ಬನ್ ಕೂಡಿದ ಬಹಳ ಗಡಸು ವಸ್ತು) ಕಣಗಳನ್ನು ಎರಕದ ವೇಳೆಯೇ ಹುಟ್ಟಿಸಲು ಎರಡು ರೀತಿಯಲ್ಲಿ ಪ್ರಯತ್ನಿಸಿದೆವು. ಮೊದಲು ಲೇಡಲ್‌ಗೆ (ಕರಗಿದ ಲೋಹವನ್ನು ಹೊಯ್ಯುವ ಪಾತ್ರೆಗೆ) ಫೆರೋಟೈಟಾನಿಯಂ ಎಂಬ ಕಬ್ಬಿಣ-ಟೈಟಾನಿಯಂ ಮಿಶ್ರಲೋಹ ಹಾಕಿದಾಗ ಲೋಹ ಗಂಜಿಯಂತೆ ದಪ್ಪಗಾಯಿತು, ಕಣಗಳೆಲ್ಲ ಎರಕದ ಮೇಲ್ಭಾಗದಲ್ಲಿ ಸೇರಿಕೊಂಡವು. ಅನಂತರ ಟೈಟಾನಿಯಂ ಪುಡಿ ಮತ್ತು ಗ್ರಾಫೈಟನ್ನು ಬೆರೆಸಿ, ಸೋಡಿಯಂ ಸಿಲಿಕೇಟ್‌ನಿಂದ ಅಂಟಿಸಿ, ಇಟ್ಟಿಗೆಯಂತೆ ಒತ್ತಿ ಅಚ್ಚಿನಲ್ಲಿಟ್ಟೆವು. ಹೊಯ್ಯುವಾಗ ಅಚ್ಚು ಕೆಮ್ಮಿದಂತೆ ಸದ್ದುಮಾಡಿ ಲೋಹವನ್ನು ಉಗುಳಿತು. ತಣ್ಣಗಾದ ಮೇಲೆ ಕೊಯ್ದು ನೋಡಿದರೆ ಆ ಜಾಗ ಇಡ್ಲಿಯ ಒಳಮೈಯಂತೆ ತೂತುತೂತಾಗಿತ್ತು. ತಪ್ಪು ಎಲ್ಲಿದೆ?

ಲೋಹವಿದ್ಯಾರ್ಥಿ:
ಲೇಡಲ್‌ನ ದಾರಿಯನ್ನು ಬಿಡುವುದೇ ಒಳ್ಳೆಯದು. ಟೈಟಾನಿಯಂ ಕಾರ್ಬೈಡ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ 4.9 ಗ್ರಾಂ, ಕರಗಿದ ಕಬ್ಬಿಣದ್ದು ಸುಮಾರು 7. ಆದ್ದರಿಂದ ಕಣಗಳು ತೇಲದೆ ಇರಲಾರವು. ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ನಾಲ್ಕು ಪಾಲು ಟೈಟಾನಿಯಂ ಒಂದು ಪಾಲು ಕಾರ್ಬನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ, ಶೇ. 2 ಟೈಟಾನಿಯಂ ಸೇರಿಸಿದರೆ ನಿಮ್ಮ ಶೇ. 2.8 ಕಾರ್ಬನ್‌ನಲ್ಲಿ 0.5 ಅದಕ್ಕೇ ಹೋಗಿ, ಬಾರ್‌ಗೆ ಗಡಸುತನ ಕೊಡುವ ಕ್ರೋಮಿಯಂ ಕಾರ್ಬೈಡ್‌ಗೆ ಉಳಿಯುವುದು 2.3 ಮಾತ್ರ.

ಅಚ್ಚಿನಲ್ಲಿಡುವ ವಿಧಾನ ಸರಿಯಾದದ್ದೇ, ಆದರೆ ಅದರ ಕಾವನ್ನು ನೀವು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಟೈಟಾನಿಯಂ ಮತ್ತು ಕಾರ್ಬನ್ ಕೂಡುವಾಗ ಪ್ರತಿ ಮೋಲಿಗೆ ಸುಮಾರು 184 ಕಿಲೋಜೂಲ್ ಶಾಖ ಹೊರಬರುತ್ತದೆ. ಬೇರೇನೂ ಬೆರೆಸದ ಮಿಶ್ರಣ, ಶಾಖ ಹೊರಹೋಗದಿದ್ದರೆ, 2900 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರಬಲ್ಲದು. ಕಬ್ಬಿಣ ಕುದಿಯುವುದೇ ಸುಮಾರು 2860ರಲ್ಲಿ. ಅಚ್ಚು ಉಗುಳಿದ್ದರಲ್ಲಿ ಆಶ್ಚರ್ಯವಿಲ್ಲ. ಮಿಶ್ರಣಕ್ಕೆ ಕಬ್ಬಿಣದ ಪುಡಿಯನ್ನು ಸೇರಿಸಿದರೆ ಅದು ಕರಗುತ್ತಾ ಶಾಖವನ್ನು ಹೀರಿಕೊಳ್ಳುತ್ತದೆ, ಕಾರ್ಬೈಡ್ ಕಣಗಳೂ ಸಣ್ಣದಾಗುತ್ತವೆ. ನಾನಾದರೆ ತೂಕದಲ್ಲಿ ಶೇ. 30ರಿಂದ ಶುರುಮಾಡುತ್ತೇನೆ, ತೀರಾ ಹೆಚ್ಚಾದರೆ ಕ್ರಿಯೆ ಅರ್ಧಕ್ಕೇ ಆರಿಹೋಗುತ್ತದೆ.

ಹಳೆಯ ಮೌಲ್ಡರ್:
ಮೇಲಿನವರು ಹೇಳಿದ್ದು ಸರಿ, ಆದರೆ ತೂತಿಗೆ ಕಾವೊಂದೇ ಕಾರಣವಲ್ಲ. ಪುಡಿಗಳು ಕಾರ್ಬೈಡ್ ಆಗಿ ಬದಲಾಗುವಾಗ ಗಾತ್ರ ಸುಮಾರು ಕಾಲುಪಾಲು ಕುಗ್ಗುತ್ತದೆ, ಒತ್ತಿದ ಪುಡಿಯಲ್ಲಿ ಮೊದಲೇ ಇದ್ದ ಟೊಳ್ಳು ಬೇರೆ. ಅಷ್ಟು ಜಾಗವನ್ನೂ ಕಬ್ಬಿಣವೇ ಒಳನುಗ್ಗಿ ತುಂಬಬೇಕು. ದಪ್ಪ ಇಟ್ಟಿಗೆಯ ನಡುವಿಗೆ ಅದು ತಲುಪುವ ಮೊದಲೇ ಹೆಪ್ಪುಗಟ್ಟುತ್ತದೆ. ಆದ್ದರಿಂದ ಮಿಶ್ರಣವನ್ನು ಕೆಲವು ಮಿಲಿಮೀಟರ್ ಗಾತ್ರದ ಕಾಳುಗಳಾಗಿ ಒತ್ತಿ, ಕಾಳುಗಳ ನಡುವೆ ಸಂದು ಉಳಿಯುವಂತೆ ಅಚ್ಚಿನಲ್ಲಿ ಕೂರಿಸಿ. ಕಬ್ಬಿಣ ಸಂದುಗಳಲ್ಲಿ ಹರಿದು ಪ್ರತಿ ಕಾಳನ್ನೂ ಸುತ್ತಲಿನಿಂದ ಹೊತ್ತಿಸುತ್ತದೆ, ಅನಿಲಕ್ಕೂ ಹೊರಹೋಗಲು ದಾರಿ ಸಿಗುತ್ತದೆ.

ಸೋಡಿಯಂ ಸಿಲಿಕೇಟ್‌ನಲ್ಲಿ ನೀರಿರುತ್ತದೆ ಎಂಬುದನ್ನು ಮರೆಯಬೇಡಿ. ಬೆಳಗಾವಿಯ ಮಳೆಗಾಲದಲ್ಲಿ ಒಂದು ರಾತ್ರಿ ಹೊರಗಿಟ್ಟ ಕೋರ್ (ಅಚ್ಚಿನೊಳಗಿಡುವ ಮರಳಿನ ತುಂಡು) ಎಷ್ಟು ತೇವ ಹೀರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅಂಟನ್ನು ಆದಷ್ಟು ಕಡಿಮೆ ಮಾಡಿ, ಓವನ್‌ನಲ್ಲಿ ಚೆನ್ನಾಗಿ ಒಣಗಿಸಿ, ಬಿಸಿಯಿರುವಾಗಲೇ ಅಚ್ಚಿಗೆ ಇಳಿಸಿ ಹೊಯ್ಯಿರಿ. ಟೈಟಾನಿಯಂ ಪುಡಿಗೆ ಬೆಂಕಿ ಹೊತ್ತಿದರೆ ಯಾರೂ ನೀರು ಎರಚಕೂಡದು. ಪಕ್ಕದಲ್ಲಿ ಒಣ ಮರಳಿನ ತೊಟ್ಟಿ ಇರಲಿ.

ಎರಕದವ:
ಇಬ್ಬರಿಗೂ ಧನ್ಯವಾದಗಳು. ನಿಜ ಹೇಳಬೇಕೆಂದರೆ ಇಟ್ಟಿಗೆಗಳನ್ನು ಒಣಗಿಸಿದ್ದು ಬಿಸಿಲಿನಲ್ಲಿ ಮಾತ್ರ. ಇದರ ಬದಲು ಹಳೆಯ ಟಂಗ್‌ಸ್ಟನ್ ಕಾರ್ಬೈಡ್ ಇನ್ಸರ್ಟ್‌ಗಳನ್ನು (ಲೋಹ ಕತ್ತರಿಸುವ ಉಪಕರಣದ ತುದಿಗಳನ್ನು) ಕುಟ್ಟಿ ಹಾಕಿದರೆ ಆಗದೆ?

ಲೋಹವಿದ್ಯಾರ್ಥಿ:
ಹಾಕುವವರಿದ್ದಾರೆ. ಆದರೆ ಅದರ ಸಾಂದ್ರತೆ 15.6; ಹಿಡಿದಿಡದಿದ್ದರೆ ತಳ ಸೇರುತ್ತದೆ, ಕರಗಿದ ಕಬ್ಬಿಣದಲ್ಲಿ ಅಂಚುಗಳು ಕರಗಿಯೂ ಹೋಗುತ್ತವೆ. ತೇಲುವ ಮುಳುಗುವ ಗೋಳು ಕಡಿಮೆ ಇರುವುದು ನಿಯೋಬಿಯಂ ಕಾರ್ಬೈಡ್‌ಗೆ, ಅದರದ್ದು ಸುಮಾರು 7.8, ಬೆಲೆ ಕೇಳಿದ ಮೇಲೆ ನೀವೇ ನಿರ್ಧರಿಸಿ.

ಕ್ರಷರ್ ಮಾಲೀಕ:
ಬಳಸುವವನ ಕಡೆಯಿಂದ ಒಂದು ಮಾತು. ಗ್ರಾನೈಟ್‌ನಲ್ಲಿರುವ ಕ್ವಾರ್ಟ್ಜ್‌ನ ಗಡಸುತನ ವಿಕರ್ಸ್ ಅಳತೆಯಲ್ಲಿ 1100ರ ಆಸುಪಾಸು, ಟೈಟಾನಿಯಂ ಕಾರ್ಬೈಡ್‌ನದು ಸುಮಾರು 3000 ಎಂದು ಓದಿದ್ದೇನೆ, ಸಂತೋಷ. ಆದರೆ ನಮ್ಮಲ್ಲಿ ಬಾರ್ ಹಾಳಾಗುವುದು ಸವೆತದಿಂದಷ್ಟೇ ಅಲ್ಲ. ಹೋದ ವರ್ಷ ಲೋಡರ್ ಬಕೆಟ್‌ನ ಹಲ್ಲೊಂದು ಕಲ್ಲಿನೊಂದಿಗೆ ಒಳಗೆ ಹೋಗಿ, ಇನ್ನೂ ಅರ್ಧವೂ ಸವೆಯದ ಬಾರ್ ರೋಟರ್ ಕಚ್ಚಿಕೊಳ್ಳುವ ಜಾಗದಲ್ಲೇ ತುಂಡಾಯಿತು. ಆದ್ದರಿಂದ ಕಾಳುಗಳನ್ನು ಹೊಡೆತ ತಿನ್ನುವ ಮುಖದ ಹೊರಗಿನ ಪಟ್ಟಿಗಷ್ಟೇ ಇಡಿ, ಬುಡದತ್ತ ಒಂದನ್ನೂ ಬಿಡಬೇಡಿ.

ಎರಕದವ:
ಒಪ್ಪಿದೆ. ಮುಂದಿನ ಸಲ ಲೋಹ ಕರಗಿಸಿದಾಗ ಒಂದೇ ಬಾರ್‌ಗೆ, ಮುಖದ 40 ಮಿ.ಮೀ. ಪಟ್ಟಿಯಲ್ಲಿ, ಶೇ. 30 ಕಬ್ಬಿಣದ ಪುಡಿ ಬೆರೆಸಿದ ಒಣ ಕಾಳುಗಳನ್ನು ಕೂರಿಸಿ ಹೊಯ್ಯುತ್ತೇವೆ. ಕೊಯ್ದ ತುಂಡಿನ ಚಿತ್ರವನ್ನು ಇಲ್ಲೇ ಹಾಕುತ್ತೇನೆ.