ಹಳೇ ಪಿಕಪ್ ಹೆಡ್‌ಲೈಟ್ ಮಂಕು: ಹೊಸ ಬಲ್ಬ್ ಹಾಕಿದರೂ ಘಾಟಿಯಲ್ಲಿ ರಸ್ತೆ ಕಾಣುತ್ತಿಲ್ಲ

ಮೂಡಿಗೆರೆ ಪಿಕಪ್:
ಎಲ್ಲರಿಗೂ ನಮಸ್ಕಾರ. ನಮ್ಮದು 2008ರ ಡೀಸೆಲ್ ಪಿಕಪ್. 12 ವೋಲ್ಟ್ ಗಾಡಿ, ಎಚ್4 ಬಲ್ಬ್ (ಬ್ರೈಟ್, ಡಿಪ್ ಎರಡರ ಫಿಲಮೆಂಟೂ ಒಂದೇ ಬಲ್ಬಿನಲ್ಲಿ), 60/55 ವ್ಯಾಟ್. ತರಕಾರಿ ತುಂಬಿಕೊಂಡು ರಾತ್ರಿ ಹೊತ್ತು ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗೋದು ನಮ್ಮ ಕೆಲಸ. ಡಿಪ್‌ನಲ್ಲಿ ಬೆಳಕು ಹಳದಿಯಾಗಿ ಬೀಳುತ್ತೆ, ಗಾಡಿ ಮುಂದೆ ಸ್ವಲ್ಪ ದೂರ ಬಿಟ್ಟರೆ ಏನೂ ಕಾಣಲ್ಲ. ಮಳೆ ಬಂದರಂತೂ ರಸ್ತೆ ಅಂಚಿನ ಬಿಳಿ ಪಟ್ಟೆಯೇ ಗೊತ್ತಾಗಲ್ಲ. ತಡೆಗೋಡೆ ಇಲ್ಲದ ತಿರುವಿನಲ್ಲಿ ಭಯ ಆಗುತ್ತೆ.

ಎರಡೂ ಕಡೆ ಹೊಸ ಬಲ್ಬ್ ಹಾಕಿದ್ದಾಯ್ತು, ಬ್ಯಾಟರಿಯೂ ಹೊಸದು. ಎಲೆಕ್ಟ್ರಿಷಿಯನ್ ಹೋಲ್ಡರ್ ಬಿಚ್ಚಿ ಮೀಟರ್ ಇಟ್ಟು ನೋಡಿ, 12.6 ವೋಲ್ಟ್ ಬರ್ತಾ ಇದೆ, ವೈರಿಂಗ್‌ನಲ್ಲಿ ಏನೂ ತೊಂದರೆ ಇಲ್ಲ ಅಂದರು. ಈಗ ಒಬ್ಬರು 100/90 ವ್ಯಾಟ್ ಬಲ್ಬ್ ಹಾಕು ಅಂತಾರೆ, ಇನ್ನೊಬ್ಬರು ಎಲ್‌ಇಡಿ ಹಾಕಿಬಿಡು ಅಂತಾರೆ. ಯಾವುದು ಸರಿ?

ವೈರಿಂಗ್ ಕಟ್ಟೆ:
ಸದ್ಯಕ್ಕೆ ಎರಡೂ ಬೇಡ. ದುಡ್ಡು ಖರ್ಚು ಮಾಡುವ ಮುಂಚೆ ಒಂದು ಅಳತೆ ತೆಗೆಯಿರಿ.

ಹೋಲ್ಡರ್ ಬಿಚ್ಚಿ ಅಳೆದ 12.6ರಿಂದ ನಮಗೆ ಏನೂ ಗೊತ್ತಾಗಲ್ಲ. ಬಲ್ಬ್ ಇಲ್ಲದಿದ್ದಾಗ ವೈರಿನಲ್ಲಿ ಕರೆಂಟೇ ಹರಿಯಲ್ಲ. ಕರೆಂಟ್ ಹರಿಯದೆ ವೋಲ್ಟೇಜ್ ಡ್ರಾಪ್, ಅಂದರೆ ದಾರಿಯಲ್ಲಿ ವೋಲ್ಟೇಜ್ ಕಳೆದುಹೋಗೋದು, ಆಗೋದಿಲ್ಲ. ಒಂದೇ ಒಂದು ಎಳೆ ಉಳಿದಿರುವ ವೈರ್ ಕೂಡ ಹಾಗೆ ಅಳೆದರೆ ಪೂರ್ತಿ ಬ್ಯಾಟರಿ ವೋಲ್ಟೇಜ್ ತೋರಿಸುತ್ತೆ. ಬಲ್ಬ್ ಉರೀತಾ ಇರುವಾಗಲೇ ಅಳೀಬೇಕು.

ಇಂಜಿನ್ ಸ್ಟಾರ್ಟ್ ಮಾಡಿ, ಡಿಪ್ ಹಾಕಿ. ಮೀಟರ್ 20 ವೋಲ್ಟ್ ಡಿಸಿಗೆ ಇಡಿ. ಮೊದಲು ಬ್ಯಾಟರಿ ಎರಡು ತುದಿ ನೋಡಿ: 13.8ರಿಂದ 14.4ರ ಒಳಗೆ ಇರಬೇಕು. ಐಡಲ್‌ನಲ್ಲಿ 13ಕ್ಕಿಂತ ಕೆಳಗಿದ್ದು, ರೇಸ್ ಕೊಟ್ಟಾಗ ಲೈಟ್ ಜೋರಾದರೆ ನಿಮ್ಮ ಸಮಸ್ಯೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ಇದೆ, ಬೆಲ್ಟ್ ನೋಡಿ. ಬ್ಯಾಟರಿ ಸರಿ ಇದ್ದರೆ ಹೋಲ್ಡರ್ ಬಲ್ಬಿಗೆ ಸಿಕ್ಕಿಸಿಯೇ ಇರಲಿ, ಹಿಂದಿನಿಂದ ವೈರ್ ಒಳಹೋಗುವ ಜಾಗದಲ್ಲಿ ಮೀಟರಿನ ಮೊನೆ ತೂರಿಸಿ ಮೂರು ಅಳತೆ ತೆಗೆಯಿರಿ. ಡಿಪ್ ಪಿನ್‌ಗೂ ಅರ್ತ್ ಪಿನ್‌ಗೂ (ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ಪಿನ್) ನಡುವೆ ಒಂದು. ಬ್ಯಾಟರಿ ಪ್ಲಸ್‌ನಿಂದ ಡಿಪ್ ಪಿನ್‌ಗೆ ಇನ್ನೊಂದು. ಬ್ಯಾಟರಿ ಮೈನಸ್‌ನಿಂದ ಅರ್ತ್ ಪಿನ್‌ಗೆ ಮತ್ತೊಂದು. ಮೊದಲನೆಯದು ಬಲ್ಬಿಗೆ ಸಿಗ್ತಾ ಇರೋದು. ಉಳಿದ ಎರಡು, ದಾರಿಯಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಸೋರುತ್ತಿದೆ ಅನ್ನೋದು. ಮೀಟರಿನ ವೈರ್ ಉದ್ದ ಸಾಲದಿದ್ದರೆ ಒಂದು ತುಂಡು ವೈರ್ ಸೇರಿಸಿಕೊಳ್ಳಿ, ಅಳತೆಗೆ ಅದರಿಂದ ವ್ಯತ್ಯಾಸ ಆಗಲ್ಲ.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜ್ ಇಳಿದಷ್ಟೇ ಇಳಿಯಲ್ಲ. ವೋಲ್ಟೇಜಿನ ಸುಮಾರು 3.4ನೇ ಘಾತದ ಲೆಕ್ಕದಲ್ಲಿ ಬೀಳುತ್ತೆ. ನೂರಕ್ಕೆ ಹತ್ತು ವೋಲ್ಟೇಜ್ ಹೋದರೆ ಬೆಳಕು ನೂರಕ್ಕೆ ಮೂವತ್ತು ಹೋಯ್ತು. ಎಚ್4 ಬಲ್ಬು ಡಿಪ್‌ನಲ್ಲಿ ಸುಮಾರು 1000 ಲುಮೆನ್ ಕೊಡುತ್ತೆ ಅನ್ನೋದು 13.2 ವೋಲ್ಟ್ ಸಿಕ್ಕಾಗಿನ ಮಾತು. ಹಳೇ ಗಾಡಿಯಲ್ಲಿ ಅಷ್ಟು ಸಿಗೋದೇ ಅಪರೂಪ. ಬೆಳಕು ಹಳದಿಗೆ ತಿರುಗಿದೆ ಅಂದಿರಲ್ಲ, ಅದೇ ಗುರುತು. ಫಿಲಮೆಂಟಿಗೆ ಬೇಕಾದಷ್ಟು ಬಿಸಿ ಏರ್ತಾ ಇಲ್ಲ.

ಉಡುಪಿ ಡೀಸೆಲ್:
ಮೇಲಿನದು ನೂರಕ್ಕೆ ನೂರು ನಿಜ. ಕರಾವಳಿ ಗಾಡಿಗಳಲ್ಲಿ ನಾನು ಮೊದಲು ಕೈ ಹಾಕೋದು ಅರ್ತ್‌ಗೆ. ಉಪ್ಪುಗಾಳಿಗೆ ಹೆಡ್‌ಲೈಟ್ ಹಿಂದಿನ ಅರ್ತ್ ಬೋಲ್ಟ್ ತುಕ್ಕು ಹಿಡಿದು ಹಸಿರು-ಬಿಳಿ ಪುಡಿ ಕಟ್ಟಿಕೊಂಡಿರುತ್ತೆ. ಟಿಂಕರಿಂಗ್ ಆದ ಗಾಡಿಯಾದರೆ ಬೋಲ್ಟ್ ಕೆಳಗೆ ಪೇಂಟೇ ಕೂತಿರುತ್ತೆ. ಒಂದು ಸುಲಭದ ಗುರುತು: ಡಿಪ್‌ನಲ್ಲಿ ಇರುವಾಗ ಡ್ಯಾಶ್‌ಬೋರ್ಡಿನ ನೀಲಿ ಬ್ರೈಟ್ ದೀಪ ಮಂಕಾಗಿ ಉರಿದರೆ, ಅಥವಾ ಒಂದೇ ಬಲ್ಬಿನಲ್ಲಿ ಎರಡೂ ಫಿಲಮೆಂಟ್ ಕೆಂಪಗೆ ಕಂಡರೆ, ಆ ಕಡೆ ಅರ್ತ್ ಹೋಗಿದೆ ಅಂತಲೇ ಲೆಕ್ಕ. ಕರೆಂಟ್ ವಾಪಸ್ ಹೋಗೋಕೆ ದಾರಿ ಸಿಗದೆ ಇನ್ನೊಂದು ಫಿಲಮೆಂಟ್ ಮೂಲಕ ನುಗ್ಗುತ್ತೆ.

ಮೂಡಿಗೆರೆ ಪಿಕಪ್:
ಅಳೆದೆ. ಬ್ಯಾಟರಿ ಹತ್ರ 14.1. ಬಲ್ಬ್ ಹತ್ರ ಬಲಗಡೆ 11.6, ಎಡಗಡೆ 12.1. ಬಲಗಡೆ ಪ್ಲಸ್ ದಾರಿಯಲ್ಲಿ 1.7, ಅರ್ತ್ ದಾರಿಯಲ್ಲಿ 0.8. ಹೋಲ್ಡರ್ ಮುಟ್ಟಿ ನೋಡಿದರೆ ಬಿಸಿ. ಬಿಚ್ಚಿದಾಗ ಒಂದು ಪಿನ್ ಸುತ್ತ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಸ್ವಲ್ಪ ಕರಗಿದ ಹಾಗೆ ಇದೆ, ಒಳಗಿನ ಹಿತ್ತಾಳೆ ಸಡಿಲ ಆಗಿ ಬಲ್ಬಿನ ಪಿನ್ ಅಲ್ಲಾಡುತ್ತೆ. ಡ್ಯಾಶ್ ಕೆಳಗೆ ಸ್ವಿಚ್ ವೈರೂ ಬೆಚ್ಚಗಿದೆ.

ವೈರಿಂಗ್ ಕಟ್ಟೆ:
ಸಿಕ್ಕಿತು ನೋಡಿ. ಬ್ಯಾಟರಿಯಿಂದ ಹೊರಟ 14.1ರಲ್ಲಿ ಎರಡೂವರೆ ವೋಲ್ಟ್ ದಾರಿಯಲ್ಲೇ ಬಿಸಿಯಾಗಿ ಕಳೆದು ಹೋಗ್ತಾ ಇದೆ. ಬಲಗಡೆ ಬಲ್ಬು ತಾನು ಕೊಡಬೇಕಾದ ಬೆಳಕಿನ ಮೂರರಲ್ಲಿ ಎರಡು ಪಾಲೂ ಕೊಡ್ತಾ ಇಲ್ಲ. ಇದೇ ಹೋಲ್ಡರಿಗೆ, ಇದೇ ಸ್ವಿಚ್ಚಿಗೆ 100/90 ಬಲ್ಬ್ ಹಾಕಿದ್ದರೆ ಕರೆಂಟ್ ಇನ್ನೂ ಹೆಚ್ಚು ಎಳೆದು, ಡ್ರಾಪ್ ಇನ್ನೂ ಹೆಚ್ಚಾಗಿ, ಹೋಲ್ಡರ್ ಪೂರ್ತಿ ಕರಗುತ್ತಿತ್ತು. ಸ್ವಿಚ್ ಸುಟ್ಟು ಘಾಟಿ ಮಧ್ಯೆ ಎರಡೂ ಲೈಟ್ ಒಟ್ಟಿಗೆ ಹೋದರೆ ಏನು ಗತಿ ಅಂತ ಯೋಚನೆ ಮಾಡಿ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ಮೊದಲು ಅರ್ತ್. ಬೋಲ್ಟ್ ಬಿಚ್ಚಿ, ಬಾಡಿ ಲೋಹ ಹೊಳೆಯೋವರೆಗೂ ಉಜ್ಜಿ, ವೈರ್ ತುದಿಗೆ ಹೊಸ ಲಗ್ (ಬೋಲ್ಟಿಗೆ ಕೂರುವ ಲೋಹದ ಬಳೆ) ಹಾಕಿ, ಬಿಗಿ ಮಾಡಿದ ಮೇಲೆ ಗ್ರೀಸ್ ಹಚ್ಚಿ. ನಾನಾದರೆ ಬಾಡಿಯನ್ನು ನಂಬದೆ ಎರಡೂ ಹೋಲ್ಡರ್‌ನಿಂದ ಬ್ಯಾಟರಿ ಮೈನಸ್‌ಗೆ ಪ್ರತ್ಯೇಕ ವೈರ್ ಎಳೀತೀನಿ.

ಆಮೇಲೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್. ಈಗ ಹೆಡ್‌ಲೈಟಿನ ಪೂರ್ತಿ ಕರೆಂಟು, ಸುಮಾರು 9 ಆಂಪ್, ಬ್ಯಾಟರಿಯಿಂದ ಡ್ಯಾಶ್‌ಗೆ ಹೋಗಿ, ಸವೆದ ಸ್ವಿಚ್ ಹಾದು, ಸಣ್ಣ ವೈರಿನಲ್ಲಿ ಮತ್ತೆ ಮುಂದಕ್ಕೆ ಬರ್ತಾ ಇದೆ. 1 ಚದರ ಮಿಲಿಮೀಟರ್ ತಾಮ್ರದ ವೈರು ಐದು ಮೀಟರ್ ಇದ್ದರೆ 10 ಆಂಪಿಗೆ ವೈರೊಂದರಲ್ಲೇ ಹತ್ತಿರ ಹತ್ತಿರ 0.9 ವೋಲ್ಟ್ ಹೋಗುತ್ತೆ, ಸ್ವಿಚ್ಚಿನದು ಬೇರೆ. ರಿಲೇ ಹಾಕಿದರೆ ಸ್ವಿಚ್ಚಿನ ಕೆಲಸ ರಿಲೇಗೆ ಸನ್ನೆ ಮಾಡೋದಷ್ಟೆ. ಬಲ್ಬಿನ ಕರೆಂಟ್ ಬ್ಯಾಟರಿಯಿಂದ ನೇರ ಬರುತ್ತೆ. 2.5 ಚದರ ಮಿಲಿಮೀಟರ್ ವೈರ್ ಒಂದೂವರೆ ಮೀಟರ್ ಅಂದರೆ ಡ್ರಾಪ್ ಬರೀ 0.1.

ನಾಲ್ಕು ಪಿನ್ನಿನ 12 ವೋಲ್ಟ್ ರಿಲೇ ಎರಡು ಬೇಕು, ಡಿಪ್‌ಗೊಂದು, ಬ್ರೈಟ್‌ಗೊಂದು. 30ನೇ ಪಿನ್‌ಗೆ ಬ್ಯಾಟರಿ ಪ್ಲಸ್, ಆದರೆ ಮಧ್ಯೆ 15 ಆಂಪ್ ಫ್ಯೂಸ್ ಇರಲೇಬೇಕು, ಅದೂ ಬ್ಯಾಟರಿಗೆ ಅಂಟಿಕೊಂಡ ಹಾಗೆ. ಫ್ಯೂಸಿಗೂ ಬ್ಯಾಟರಿಗೂ ನಡುವಿನ ವೈರ್ ಬಾಡಿಗೆ ತಾಗಿದರೆ ಕಾಪಾಡೋಕೆ ಏನೂ ಇರಲ್ಲ, ಅದಕ್ಕೇ ಅಷ್ಟು ಹತ್ತಿರ. ಎರಡು ರಿಲೇಗೆ ಎರಡು ಫ್ಯೂಸ್ ಹಾಕಿ, ಡಿಪ್ ಹೋದರೂ ಬ್ರೈಟ್ ಉಳಿಯುತ್ತೆ. 87ರಿಂದ ಹೊಸ ಹೋಲ್ಡರಿಗೆ. 86ಕ್ಕೆ ನಿಮ್ಮ ಹಳೇ ಹೋಲ್ಡರಿನ ಡಿಪ್ ಅಥವಾ ಬ್ರೈಟ್ ವೈರ್, 85ಕ್ಕೆ ಅರ್ತ್. ಅಂಗಡಿಯವರು ಐದು ಪಿನ್ನಿನ ರಿಲೇ ಕೊಟ್ಟರೆ ಮಧ್ಯದ 87ಎ ಪಿನ್ ಮುಟ್ಟಬೇಡಿ, ಅದಕ್ಕೆ ವೈರ್ ಹಾಕಿದರೆ ಸ್ವಿಚ್ ಆಫ್ ಇದ್ದಾಗ ಲೈಟ್ ಉರಿಯುತ್ತೆ. ರಿಲೇಯನ್ನು ಪಿನ್ ಕೆಳಮುಖ ಮಾಡಿ ಕೂರಿಸಿ, ಮಲೆನಾಡಿನ ಮಳೆಗೆ ನೀರು ಒಳಗೆ ನಿಲ್ಲಬಾರದು. ಹೋಲ್ಡರ್ ಸಿರಾಮಿಕ್‌ದೇ ತಗೊಳ್ಳಿ.

ರೆಡಿಮೇಡ್ ಹಾರ್ನೆಸ್ (ರಿಲೇ, ಹೋಲ್ಡರ್ ಎಲ್ಲ ಜೋಡಿಸಿದ ವೈರ್ ಸೆಟ್) ಸಿಗುತ್ತೆ, ಆದರೆ ವೈರ್ ತುದಿ ಒಂಚೂರು ಕತ್ತರಿಸಿ ಒಳಗೆ ನೋಡಿ. ಹೊರಗಿನ ಪ್ಲಾಸ್ಟಿಕ್ ದಪ್ಪ, ಒಳಗೆ ನಾಲ್ಕೆಳೆ ತಂತಿ ಇರುವ ಮಾಲು ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ.

ಮಸ್ಕತ್ ಕನ್ನಡಿಗ:
ಒಂದು ಎಚ್ಚರಿಕೆ ಸೇರಿಸ್ತೀನಿ. ಇಲ್ಲಿ ಹಳೇ ಟೊಯೋಟಾ ಹೈಲಕ್ಸ್‌ಗಳು ತುಂಬಾ. ತೊಂಬತ್ತರ ದಶಕದ ಹೈಲಕ್ಸ್‌ಗಳಲ್ಲಿ ಹೆಡ್‌ಲೈಟ್ ಸ್ವಿಚಿಂಗ್ ಮೈನಸ್ ಕಡೆ ಇರುತ್ತೆ. ಬಲ್ಬಿಗೆ ಪ್ಲಸ್ ಮೊದಲೇ ಬಂದಿರುತ್ತೆ, ಸ್ವಿಚ್ಚು ಡಿಪ್ ಅಥವಾ ಬ್ರೈಟನ್ನು ಅರ್ತ್‌ಗೆ ಜೋಡಿಸುತ್ತೆ. ಅಂಥ ಗಾಡಿಗೆ ಮಾಮೂಲಿ ಹಾರ್ನೆಸ್ ಹಾಗೇ ಕೂಡಲ್ಲ. ಗಾಡಿ ಯಾವುದೇ ಇರಲಿ, ಹೋಲ್ಡರ್ ಬಿಚ್ಚಿ, ಲೈಟ್ ಹಾಕಿ, ಮೀಟರಿನ ಕಪ್ಪು ತುದಿ ಬಾಡಿಗೆ ಹಿಡಿದು ಮೂರೂ ಪಿನ್ ನೋಡಿಕೊಳ್ಳಿ. ಡಿಪ್-ಬ್ರೈಟ್ ಬದಲಿಸಿದಾಗ 12 ವೋಲ್ಟ್ ಒಂದು ಪಿನ್ನಿಂದ ಇನ್ನೊಂದಕ್ಕೆ ಹಾರಿದರೆ ಪ್ಲಸ್ ಸ್ವಿಚಿಂಗ್, ಮೇಲೆ ಹೇಳಿದ ಹಾಗೇ ಮಾಡಬಹುದು. ಒಂದು ಪಿನ್‌ನಲ್ಲಿ ಎರಡೂ ಸಲ 12 ನಿಂತೇ ಇದ್ದರೆ ಮೈನಸ್ ಸ್ವಿಚಿಂಗ್.

ಮೂಡಿಗೆರೆ ಪಿಕಪ್:
ನಮ್ಮದು ಪ್ಲಸ್ ಸ್ವಿಚಿಂಗೇ. ಎಲೆಕ್ಟ್ರಿಷಿಯನ್ ಜೊತೆ ಕೂತು ಹೇಳಿದ ಹಾಗೆ ಮಾಡಿಸಿದೆ. ಈಗ ಬಲ್ಬ್ ಹತ್ರ ಎರಡೂ ಕಡೆ 13.6! ಅದೇ ಬಲ್ಬ್, ಆದರೆ ಬೆಳಕು ಬೆಳ್ಳಗೆ ಬೀಳುತ್ತೆ. ಎಲೆಕ್ಟ್ರಿಷಿಯನ್ನಿಗೇ ಆಶ್ಚರ್ಯ, ಇನ್ನು ಮುಂದೆ ಬಲ್ಬ್ ಉರಿಸಿಕೊಂಡೇ ಅಳೀತೀನಿ ಅಂದರು.

ಇನ್ನು ಎರಡು ಪ್ರಶ್ನೆ. ಲೆನ್ಸ್ ಪ್ಲಾಸ್ಟಿಕ್, ಹಳದಿ ಆಗಿ ಮಸುಕಾಗಿದೆ. ಮತ್ತೆ, ಲೋಡ್ ಇದ್ದಾಗ ಎದುರು ಬರೋರು ಡಿಪ್‌ನಲ್ಲೂ ಲೈಟ್ ಹೊಡೆದು ತೋರಿಸ್ತಾರೆ. ಮಂಜಿಗೆ ಎಲ್‌ಇಡಿ ಒಳ್ಳೇದಾ?

ಉಡುಪಿ ಡೀಸೆಲ್:
ಲೆನ್ಸಿಗೆ: ಸುತ್ತ ಪೇಂಟಿಗೆ ಟೇಪ್ ಅಂಟಿಸಿ, ನೀರು ಹಾಕಿಕೊಂಡು 800, 1500, 2000 ನಂಬರಿನ ಪೇಪರ್ ಒಂದಾದ ಮೇಲೊಂದು ಉಜ್ಜಿ, ಕೊನೆಗೆ ರಬ್ಬಿಂಗ್ ಕಾಂಪೌಂಡ್. ಅಲ್ಲಿಗೆ ನಿಲ್ಲಿಸಬೇಡಿ. ಹಳದಿ ಪದರದ ಜೊತೆ ಬಿಸಿಲು ತಡೆಯುವ ಕೋಟಿಂಗೂ ಹೋಗಿರುತ್ತೆ, ಹೊಸ ಯುವಿ ಕ್ಲಿಯರ್ ಕೋಟ್ ಹೊಡೆಯದಿದ್ದರೆ ಬೇಗನೆ ಮತ್ತೆ ಹಳದಿ. ಟೂತ್‌ಪೇಸ್ಟ್ ಹಚ್ಚೋದೂ ಅಷ್ಟೆ, ಹೊಳಪು ತಾತ್ಕಾಲಿಕ. ಒಳಗಿನ ರಿಫ್ಲೆಕ್ಟರ್ ಕನ್ನಡಿ ಥರ ಹೊಳೀತಾ ಇದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಬೂದಿ ಬಣ್ಣಕ್ಕೆ ತಿರುಗಿದ್ದರೆ ಅಸೆಂಬ್ಲಿ ಬದಲಿಸೋದೇ ಸರಿ. ಬಟ್ಟೆ ಹಾಕಿ ಒರೆಸೋಕೆ ಹೋಗಬೇಡಿ, ಆ ಅಲ್ಯೂಮಿನಿಯಂ ಪದರ ಒರೆಸಿದರೆ ಕಿತ್ತು ಬರುತ್ತೆ.

ವೈರಿಂಗ್ ಕಟ್ಟೆ:
ಎಲ್‌ಇಡಿ ವಿಷಯ. ನಿಮ್ಮ ರಿಫ್ಲೆಕ್ಟರ್ ಮಾಡಿರೋದು ಎಚ್4 ಬಲ್ಬಿನ ಫಿಲಮೆಂಟ್ ಇರುವ ಜಾಗವನ್ನೇ ಲೆಕ್ಕ ಹಾಕಿ. ಡಿಪ್ ಫಿಲಮೆಂಟಿನ ಕೆಳಗೆ ಪುಟ್ಟ ಲೋಹದ ಬಟ್ಟಲು ಇರುತ್ತಲ್ಲ, ಬೆಳಕು ಮೇಲಕ್ಕೆ ಹೋಗದ ಹಾಗೆ ತಡೆಯೋದು ಅದೇ. ಎಲ್‌ಇಡಿ ಚಿಪ್ಪು ಒಂದು ಮಿಲಿಮೀಟರ್ ಆಚೀಚೆ ಕೂತರೂ ಬೆಳಕು ಚೆಲ್ಲಾಪಿಲ್ಲಿ ಆಗಿ ಎದುರಿನವರ ಕಣ್ಣಿಗೆ ಹೊಡೆಯುತ್ತೆ. ನಮ್ಮ ಹತ್ತಿರ ಮಾತ್ರ ಬೆಳಕು ಬಿದ್ದು, ದೂರ ಕತ್ತಲೆ ಉಳಿಯುತ್ತೆ. ಮಂಜಿನಲ್ಲಂತೂ ಮೇಲಕ್ಕೆ ಚೆಲ್ಲಿದ ಬೆಳಕೆಲ್ಲ ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್, ಮುಂದೆ ಬಿಳಿ ಪರದೆ ಇಳಿಬಿಟ್ಟ ಹಾಗಿರುತ್ತೆ. ಮಂಜಿಗೆ ಬೇಕಾದರೆ ಬಂಪರಿನ ಕೆಳಗೆ ಒಂದು ಜೊತೆ ಫಾಗ್ ಲ್ಯಾಂಪ್ ಹಾಕಿಸಿ, ಅದಕ್ಕೂ ಬೇರೆ ರಿಲೇ, ಬೇರೆ ಫ್ಯೂಸ್.

ಎದುರಿನವರು ಲೈಟ್ ಹೊಡೆಯೋದಕ್ಕೆ ಕಾರಣ ನಿಮ್ಮ ಲೋಡ್. ಹಿಂದಿನ ಸ್ಪ್ರಿಂಗ್ ಪಟ್ಟೆ ಕುಸಿದಾಗ ಮೂತಿ ಮೇಲೆದ್ದು ಬೆಳಕೂ ಮೇಲೇಳುತ್ತೆ. ಮೊದಲು ಬೆಳಕು ಮಂಕಾಗಿದ್ದರಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಈಗ ಗೊತ್ತಾಗುತ್ತೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮವೂ ಮುಂದಿನ ಬೆಳಕು ಕೆಳಮುಖವಾಗಿ ಇರಬೇಕು, ಎದುರಿನವರ ಕಣ್ಣು ಕುಕ್ಕಬಾರದು ಅಂತಲೇ ಹೇಳುತ್ತೆ. ನೀವು ಮಾಮೂಲಾಗಿ ಹಾಕುವಷ್ಟು ಲೋಡ್ ಹಾಕಿ, ನಾಲ್ಕೂ ಟೈರಿಗೆ ಗಾಳಿ ಸರಿ ಇಟ್ಟು, ಸಮತಟ್ಟಾದ ಜಾಗದಲ್ಲಿ ಗೋಡೆಗೆ ನೇರ 5 ಮೀಟರ್ ದೂರ ನಿಲ್ಲಿಸಿ. ಲೈಟಿನ ನಡುಮಧ್ಯದ ಎತ್ತರ ನೆಲದಿಂದ ಅಳೆದು ಗೋಡೆ ಮೇಲೆ ಟೇಪ್ ಅಂಟಿಸಿ. ಡಿಪ್‌ನ ಮೇಲಂಚು ಆ ಟೇಪಿಗಿಂತ 5ರಿಂದ 7 ಸೆಂಟಿಮೀಟರ್ ಕೆಳಗೆ ಬೀಳಬೇಕು. ಒಂದು ಲೈಟಿಗೆ ಬಟ್ಟೆ ಮುಚ್ಚಿ ಇನ್ನೊಂದನ್ನು ತಿರುಗಿಸಿ, ಇಲ್ಲದಿದ್ದರೆ ಯಾವುದು ಯಾರ ಬೆಳಕು ಅಂತ ತಿಳಿಯಲ್ಲ. ಮೇಲಂಚು ಎಡಗಡೆಗೆ ಸ್ವಲ್ಪ ಏರಿರುತ್ತೆ, ಅದು ಹಾಗೇ ಇರಬೇಕು, ರಸ್ತೆ ಅಂಚು ತೋರಿಸೋದು ಅದೇ. ಖಾಲಿ ಬರುವಾಗ ಬೆಳಕು ಒಂದಿಷ್ಟು ಹತ್ತಿರ ಬೀಳುತ್ತೆ, ಹತ್ತುವಾಗ ವೇಗ ಕಡಿಮೆ ಇರೋದರಿಂದ ತೊಂದರೆ ಆಗಲ್ಲ.

ಮೂಡಿಗೆರೆ ಪಿಕಪ್:
ಲೋಡ್ ಹಾಕಿಯೇ ಸೆಟ್ ಮಾಡಿಸಿದೆ. ಬಲಗಡೆಯದು ತುಂಬಾ ಮೇಲಿತ್ತು. ನಿನ್ನೆ ರಾತ್ರಿ ಇಳಿಯುವಾಗ ಒಬ್ಬರೂ ಲೈಟ್ ಹೊಡೆಯಲಿಲ್ಲ, ಎಡಗಡೆ ಬಿಳಿ ಪಟ್ಟೆ ತಿರುವಿನವರೆಗೂ ಕಾಣಿಸ್ತು. ಲೆನ್ಸ್ ಕೆಲಸ ಈ ಭಾನುವಾರ. ಎಲ್ಲರಿಗೂ ತುಂಬಾ ಧನ್ಯವಾದ.

ವೈರಿಂಗ್ ಕಟ್ಟೆ:
ಸಂತೋಷ. ಎರಡು 15 ಆಂಪ್ ಫ್ಯೂಸ್, ಒಂದು ರಿಲೇ, ಒಂದು ಬಲ್ಬ್ ಗಾಡಿಯಲ್ಲಿ ಸ್ಪೇರ್ ಇಟ್ಟಿರಿ. ಬಲ್ಬಿನ ಗಾಜಿಗೆ ಬೆರಳು ತಾಗಿಸಬೇಡಿ. ಮಳೆಗಾಲ ಮುಗಿದ ಮೇಲೆ ಅರ್ತ್ ಕಡೆ ಡ್ರಾಪ್ ಇನ್ನೊಂದು ಸಲ ಅಳೆದು ಇಲ್ಲೇ ಬರೆಯಿರಿ.